ನಮ್ಮ ಓಣಿಯ ಒಬ್ಬ ಹೆಣ್ಣುಮಗಳು

ಯಲಬುರ್ಗಾ
೬ ಏಪ್ರಿಲ್ ೨೦೨೫

ಮಲ್ಲೇಶ್ವರಿಗೆ, ಅತ್ತೆ ವಿರೂಪಾಕ್ಷಮ್ಮ ಬರೆಯುವುದು.

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನಿನ್ನ ಮಾವ ಗಟ್ಟಿಮುಟ್ಟಾಗಿದ್ದಾರೆ, ದಿನಾ ಹೊಲಕ್ಕೆ ಹೋಗುತ್ತಾರೆ, ನನ್ನ ಮೇಲೆ ರೇಗುವುದನ್ನೂ ಬಿಟ್ಟಿಲ್ಲ. ಮೂರು ವರ್ಷ ಮಾತಿಲ್ಲದೆ ಇದ್ದ ಮುದುಕಿಗೆ ಈಗೇನು ಬಂತು ಎಂದು ನಿನಗೆ ಅನ್ನಿಸುತ್ತದೆ. ಅನ್ನಿಸಲಿ.

ಫೋನ್ ಮಾಡಬಹುದಿತ್ತು. ಆದರೆ ಈ ಮನೆಗೆ ಇರುವುದು ಒಂದೇ ಫೋನು, ಅದು ನಿನ್ನ ಮಾವನ ಜೇಬಿನಲ್ಲಿ. ಅವರಿಗೆ ಕಿವಿ ಮಂದವಾಗಿ ಸ್ಪೀಕರ್ ಹಾಕದೆ ಮಾತೇ ಇಲ್ಲ. ನಾನು ನಿನ್ನ ಹತ್ತಿರ ಗುಟ್ಟು ಆಡಿದರೆ ಬಸ್ ನಿಲ್ದಾಣದ ಹೋಟೆಲಿನವರೆಗೂ ಕೇಳುತ್ತದೆ. ಅದಕ್ಕೇ ಕಾಗದ. ಉತ್ತರವನ್ನು ಪಕ್ಕದ ಮನೆಯ ಕಾಸೀಮಬೀ ಹೆಸರಿಗೆ ಹಾಕು. ಕುಬಸ ಹೊಲಿಯಲು ದಿನಾ ಅವಳ ಕಟ್ಟೆಯ ಮೇಲೇ ಕೂಡುತ್ತೇನೆ, ನನ್ನ ಕೈಗೆ ಬರುತ್ತದೆ.

ವಿಷಯ ನನ್ನದಲ್ಲ, ನಮ್ಮ ಓಣಿಯ ಒಬ್ಬ ಹೆಣ್ಣುಮಗಳದು. ಆಕೆಗೆ ಮುಟ್ಟು ನಿಂತು ಆರು ವರ್ಷವಾಯಿತು. ಸಂಕ್ರಾಂತಿಯಿಂದೀಚೆ ಮತ್ತೆ ಕಾಣಿಸಿಕೊಳ್ಳುತ್ತಿದೆಯಂತೆ. ದಿನಾ ಅಲ್ಲ, ಆಗೊಮ್ಮೆ ಈಗೊಮ್ಮೆ. ಗಂಡನಿಗೂ ಹೇಳಿಲ್ಲ, ನನಗೆ ಹೇಳಿದ್ದಾಳೆ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿದೆಯೋ ಎಂದು ನೋಡಲು ಹುಳಿನೀರು ಹಚ್ಚಿ ಪರೀಕ್ಷೆ ಮಾಡುತ್ತಾರೆಂದು ಆಶಾ ಕಾರ್ಯಕರ್ತೆ ಹೇಳಿದ್ದಳು. ಅದಕ್ಕೆ ಬಿಚ್ಚಿ ಮಲಗಬೇಕಾ? ಗಂಡಸು ಡಾಕ್ಟರ್ ಇರುತ್ತಾರಾ? ನೀನು ನರ್ಸ್, ನಿನಗೆ ಗೊತ್ತಿರುತ್ತದೆ ಎಂದು ಕೇಳಿದೆ.

ಮೊಮ್ಮಗಳು ಅನುಷಾ ಎಷ್ಟು ಎತ್ತರ ಬೆಳೆದಿದ್ದಾಳೆ? ಒಂದು ದಾರದಲ್ಲಿ ಅಳತೆ ತೆಗೆದು ಕಳಿಸು. ಲಂಗ ಹೊಲಿಯುತ್ತೇನೆ.

ವಿರೂಪಾಕ್ಷಮ್ಮ


ಸಿದ್ದಾಪುರ
೧೯ ಏಪ್ರಿಲ್ ೨೦೨೫

ಅತ್ತೆಯವರಿಗೆ ಮಲ್ಲೇಶ್ವರಿಯ ನಮಸ್ಕಾರ.

ನಿಮ್ಮ ಕಾಗದ ಓದಿ ಆಸ್ಪತ್ರೆಯ ಔಷಧಿ ಕೋಣೆಯೊಳಗೆ ಹೋಗಿ ಅತ್ತುಬಿಟ್ಟೆ. ನಿಮ್ಮ ಮಗ ಗವಿಸಿದ್ದೇಶ ತೀರಿಕೊಂಡಾಗ ನಾವಿಬ್ಬರೂ ಒಂದೇ ಕಂಬಳಿ ಹೊದ್ದು ಮಲಗಿದವರು. ನಾನು ಶಾಂತಕುಮಾರರನ್ನು ಮದುವೆಯಾದ ದಿನ ನೀವು ಒಂದು ಮಾತು ಬೈದು ಕಳಿಸಿದ್ದರೂ ಸಮಾಧಾನವಾಗುತ್ತಿತ್ತು. ಏನೂ ಬರಲಿಲ್ಲ. ಇರಲಿ.

ನಿಮ್ಮ ಓಣಿಯ ಹೆಣ್ಣುಮಗಳಿಗೆ ಹೀಗೆ ಹೇಳಿರಿ. ಹುಳಿನೀರಿನ ಪರೀಕ್ಷೆ ಇರುವುದು ಯಾವ ತೊಂದರೆಯೂ ಇಲ್ಲದವರಿಗೆ, ಮೂವತ್ತರಿಂದ ಅರವತ್ತೈದು ವಯಸ್ಸಿನವರಿಗೆ. ಮುಂದೆ ಬರಬಹುದಾದದ್ದನ್ನು ಮೊದಲೇ ಹಿಡಿಯಲು. ಮುಟ್ಟು ನಿಂತ ಮೇಲೆ ರಕ್ತ ಕಂಡವರು ಆ ಸಾಲಿನವರಲ್ಲ. ಅವರಿಗೆ ವಯಸ್ಸಿನ ನಿಯಮವಿಲ್ಲ, ನೇರವಾಗಿ ಹೆಣ್ಣುಮಕ್ಕಳ ಡಾಕ್ಟರಿಗೆ ತೋರಿಸಬೇಕು, ಅದೂ ಈ ವಾರವೇ. ಕೊಪ್ಪಳದಲ್ಲಿ ಹೆಂಗಸರೇ ಡಾಕ್ಟರ್ ಇದ್ದಾರೆ. ಬಿಚ್ಚಬೇಕು, ಸುಳ್ಳು ಹೇಳುವುದಿಲ್ಲ. ಆದರೆ ನೋಡುವವರು ದಿನಾ ನೋಡುವವರು, ಅವರಿಗೆ ಅದು ಕೈಕಾಲು ಇದ್ದ ಹಾಗೆ.

ನಮಗೂ ನಿಯಮಗಳು ಬದಲಾಗುತ್ತಿವೆ. ಹುಳಿನೀರು ಹೋಗಿ ಕಡ್ಡಿ ಬರುತ್ತದಂತೆ. ಹೆಂಗಸು ಪರದೆಯ ಹಿಂದೆ ನಿಂತು ತಾನೇ ಕಡ್ಡಿಯನ್ನು ಒಳಗಿಟ್ಟು ತಿರುಗಿಸಿ, ನಳಿಕೆಗೆ ಹಾಕಿ ಕೊಟ್ಟರೆ ಮುಗಿಯಿತು. ಯಾರೂ ನೋಡುವುದಿಲ್ಲ, ಮುಟ್ಟುವುದಿಲ್ಲ. ಹತ್ತು ವರ್ಷ ಕಲಿತದ್ದನ್ನು ಬಿಟ್ಟು ನಾವು ಹೊಸದಾಗಿ ಕಲಿಯಬೇಕು.

ಆಕೆಗೆ ಜೊತೆ ಯಾರೂ ಇಲ್ಲದಿದ್ದರೆ ನಾನೇ ಬಂದು ಕರೆದುಕೊಂಡು ಹೋಗಲೇ? ದಾರ ಇದರೊಳಗೆ ಇಟ್ಟಿದ್ದೇನೆ. ಅನುಷಾ ನಿಮ್ಮ ಹಾಗೇ ಉದ್ದ ಕಾಲಿನವಳು.

ನಿಮ್ಮ
ಮಲ್ಲೇಶ್ವರಿ


ಯಲಬುರ್ಗಾ
೨ ಜೂನ್ ೨೦೨೫

ಮಲ್ಲಿ,

ದಾರವನ್ನು ಗೋಡೆಗೆ ಹಿಡಿದು ನೋಡಿದೆ. ನನ್ನ ಭುಜಕ್ಕೆ ಬರುತ್ತಾಳಲ್ಲೇ! ಹಸಿರು ಇಳಕಲ್ ಸೀರೆಯೊಂದು ಪೆಟ್ಟಿಗೆಯಲ್ಲಿತ್ತು, ಅದನ್ನೇ ಕತ್ತರಿಸಿದ್ದೇನೆ. ನಿನ್ನ ಮಾವ ಕೇಳಿದ್ದಕ್ಕೆ ಗಿರಾಕಿಯದು ಎಂದೆ.

ಆ ಹೆಣ್ಣುಮಗಳಿಗೆ ನಿನ್ನ ಕಾಗದ ಓದಿ ಹೇಳಿದೆ. ಕೊಪ್ಪಳದ ಮಾತಿಗೆ ತಲೆ ಆಡಿಸಲಿಲ್ಲ. ಆದರೆ ಕಡ್ಡಿಯ ಸುದ್ದಿ ಕೇಳಿ ಆಕೆಗೆ ಜೀವ ಬಂದ ಹಾಗಾಯಿತು ನೋಡು. ಪರದೆಯ ಹಿಂದೆ ತಾನೇ ತಾನು, ಇದು ನಮ್ಮಂಥವರಿಗೆ ಹೇಳಿ ಮಾಡಿಸಿದ್ದು ಎಂದಳು. ಅದು ಬರುವ ತನಕ ಕಾಯುತ್ತಾಳಂತೆ. ಈಗ ಕಡಿಮೆಯೂ ಆಗಿದೆ. ಕಾಸೀಮಬೀ ದಾಳಿಂಬೆ ಸಿಪ್ಪೆಯ ಕಷಾಯ ಮಾಡಿಕೊಡುತ್ತಾಳೆ.

ನೀನು ಬರುವುದು ಬೇಡ. ಅಂದು ನಿನ್ನ ಮದುವೆಯ ಸುದ್ದಿ ತಿಳಿದಾಗ ನಿನ್ನ ಮಾವ ಅಂಗಳದಲ್ಲಿ ನಿಂತು ಆಡಿದ ಮಾತು ಊರೇ ಕೇಳಿದೆ. "ಆಕಿ ಈ ಹೊಸ್ತಿಲಾ ತುಳಿದ್ರ ನನ್ನ ಹೆಣಾನ ನೋಡಬೇಕು!" ಸಿಟ್ಟಿನಲ್ಲಿ ಆಡಿದ್ದು. ಆದರೆ ಆಡಿ ಬಿಟ್ಟಿದ್ದಾರೆ, ಈಗ ಇಳಿಯಲು ಏಣಿ ಇಲ್ಲ. ನೀನು ಹೋದ ಮೇಲೆ ಮಗ ಎರಡನೆಯ ಸಲ ಸತ್ತ ಎಂದು ಅವರ ಲೆಕ್ಕ. ಗವಿಸಿದ್ದೇಶನ ಬೈಕು ಇನ್ನೂ ಕೊಟ್ಟಿಗೆಯಲ್ಲಿದೆ. ವಾರಕ್ಕೊಮ್ಮೆ ಒರೆಸುತ್ತಾರೆ.

ನಿನ್ನ ಅತ್ತೆ


ಸಿದ್ದಾಪುರ
೧೪ ಜೂನ್ ೨೦೨೫

ಅತ್ತೆಯವರಿಗೆ,

ಕೈಮುಗಿದು ಬರೆಯುತ್ತಿದ್ದೇನೆ. ಕಾಯಬಾರದು. ಆ ಕಡ್ಡಿಯ ಮಾತು ನಾನು ಎತ್ತಲೇಬಾರದಿತ್ತು. ಅದು ಅವರಿಗಲ್ಲ. ಕಡಿಮೆಯಾಗಿದೆ ಎಂದರೆ ವಾಸಿಯಾಗಿದೆ ಎಂದಲ್ಲ, ಅದು ಹೀಗೇ ನಿಂತು ಬರುತ್ತದೆ. ಕಷಾಯ ನಿಲ್ಲಿಸಿರಿ.

ಆಕೆಯ ಹೆಸರು ಹೇಳಿರಿ. ಯಲಬುರ್ಗಾದಲ್ಲಿ ನನ್ನ ಜೊತೆ ಓದಿದ ನರ್ಸ್ ಇದ್ದಾಳೆ, ಯಾರಿಗೂ ತಿಳಿಯದ ಹಾಗೆ ಕರೆದೊಯ್ಯುತ್ತಾಳೆ. ಹೆಸರು ಬೇಡವೆಂದರೆ ಮನೆಯ ಗುರುತಾದರೂ ಬರೆಯಿರಿ.

ಮಲ್ಲೇಶ್ವರಿ


ಸಿದ್ದಾಪುರ
೧೧ ಸೆಪ್ಟೆಂಬರ್ ೨೦೨೫

ಅತ್ತೆಯವರಿಗೆ,

ಲಂಗ ಬಂತು. ಅನುಷಾ ಹಾಕಿಕೊಂಡು ಗದ್ದೆಯ ಬದುವಿನ ಮೇಲೆಲ್ಲ ಓಡಿ ಅಂಚಿಗೆ ಕೆಸರು ಮಾಡಿಕೊಂಡು ಬಂದಳು. ಲಂಗದ ಜೊತೆ ಒಂದು ಚೀಟಿಯೂ ಇರಲಿಲ್ಲ. ಮಡಿಕೆ ಮಡಿಕೆ ಬಿಚ್ಚಿ ಹುಡುಕಿದೆ.

ಹೊಸ ಸುತ್ತೋಲೆ ಬಂದಿದೆ. ನಮ್ಮ ಕಡೆ ಪ್ರಾಯೋಗಿಕವಾಗಿ ಕಡ್ಡಿ ಪರೀಕ್ಷೆ ಶುರುವಾಗಿದೆ. ದೀಪಾವಳಿ ಕಳೆದ ಮೇಲೆ ಯಲಬುರ್ಗಾದಲ್ಲೂ ಒಂದು ಸಂಸ್ಥೆಯವರು ಶಿಬಿರ ಮಾಡುತ್ತಾರಂತೆ. ಆ ಹೆಣ್ಣುಮಗಳು ಇನ್ನೂ ಡಾಕ್ಟರಿಗೆ ತೋರಿಸಿಲ್ಲದಿದ್ದರೆ ಅಲ್ಲಿಗಾದರೂ ಹೋಗಲಿ. ಹೋದವಳು ತನ್ನ ತೊಂದರೆಯನ್ನು ಬಾಯಿಬಿಟ್ಟು ಹೇಳಲಿ. ಅದೊಂದು ಮಾತು ಹೇಳಿದರೆ ಸಾಕು, ಮುಂದಿನದನ್ನು ಅವರು ನೋಡುತ್ತಾರೆ.

ಒಂದು ಸಾಲಾದರೂ ಬರೆಯಿರಿ.

ಮಲ್ಲೇಶ್ವರಿ


ಯಲಬುರ್ಗಾ
೧೮ ನವೆಂಬರ್ ೨೦೨೫

ಮಲ್ಲಿ,

ಬರೆಯಲಿಲ್ಲ ಎಂದು ಸಿಟ್ಟಾಗಬೇಡ. ಸೊಂಟ ಹಿಡಿದುಕೊಂಡು ಬಹಳ ಹೊತ್ತು ಕೂಡಲು ಆಗುವುದಿಲ್ಲ. ಹೊಲಿಗೆಯೂ ನಿಂತಿದೆ.

ಶಿಬಿರದ ಸುದ್ದಿ ಕೇಳು, ನಗುತ್ತೀಯ. ಆ ಹೆಣ್ಣುಮಗಳು ಬೆಳಿಗ್ಗೆ ತಲೆಗೆ ಎರೆದುಕೊಂಡು, ಒಳ್ಳೆಯ ಸೀರೆ ಉಟ್ಟು, ಯಾರಿಗೂ ಹೇಳದೆ ಶಾಲೆಯ ಕಟ್ಟಡಕ್ಕೆ ಹೋದಳು. ಒಳಗೆ ನೀಲಿ ಪರದೆ ಕಟ್ಟಿದ್ದರು. ಅದನ್ನು ನೋಡಿಯೇ ಅರ್ಧ ಭಾರ ಇಳಿಯಿತಂತೆ. ಟ್ಯಾಬ್ ಹಿಡಿದು ಹೆಸರು ಬರೆಯಲು ಕೂತವಳು ಬೇರೆ ಯಾರೂ ಅಲ್ಲ, ಮೇಲಿನ ಓಣಿಯ ಪಕ್ಕೀರಪ್ಪನ ಮಗಳು ದ್ರಾಕ್ಷಾಯಿಣಿ. ಕಾರ್ಡ್ ಇಸಿದುಕೊಂಡು ನೋಡಿದಳು.

"ಅಯ್ಯ, ನಿಮ್ಮ ವಯಸ್ಸು ಅರವತ್ತೇಳು ಐತಲ್ರಿ! ಅರವತ್ತೈದರ ತನಕ ಅಷ್ಟ ಮಾಡ್ತಾರ. ಇದು ತಗೊಳ್ಳಂಗಿಲ್ಲ ನೋಡ್ರಿ. ನೀವು ಪಾಸ್ ಆಗೀರಿ, ಆರಾಮ ಮನಿಗೆ ಹೋಗ್ರಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಕೆಗೆ ನಿಜವಾಗಿ ಐವತ್ತೇಳು. ಮೊದಲ ಸಲ ಆಧಾರ್ ಕಾರ್ಡ್ ಮಾಡಿಸುವಾಗ ಗಂಡ ಹತ್ತು ವರ್ಷ ಹೆಚ್ಚು ಹೇಳಿ ಬರೆಸಿದ್ದ, ಮುದುಕರ ಪಗಾರ ಬೇಗ ಶುರುವಾಗಲಿ ಎಂದು. ಅರ್ಧ ಓಣಿಯ ಕಥೆ ಅದೇ ಅಲ್ಲವೇ. ಈಗ ತುಂಬಿದ ಸಾಲಿನಲ್ಲಿ ನಿಂತು, ಅದು ಸುಳ್ಳು ವಯಸ್ಸು ಎಂದರೆ ಬರುವ ಪಗಾರವೂ ಹೋದೀತು, ಗಂಡನ ಮರ್ಯಾದೆಯೂ ಹೋದೀತು.

ಹುಡುಗಿ ಒಳ್ಳೆಯವಳು, ಕೇಳಿದಳು ಕೂಡ: "ತೊಂದ್ರಿ ಏನರ ಐತೇನ್ರಿ ಅಮ್ಮಾ?" ಬೆನ್ನ ಹಿಂದೆ ಇಡೀ ಊರಿನ ಹೆಂಗಸರು. ಬಾಗಿಲಲ್ಲಿ ಕುರ್ಚಿ ಹಾಕುತ್ತ ಪಕ್ಕೀರಪ್ಪ. "ಏನಿಲ್ಲವ್ವ, ಎಲ್ಲಾರೂ ಹೊಂಟಿದ್ರು, ಸುಮ್ನ ಬಂದ್ನಿ," ಎಂದು ನಗುತ್ತ ಹೊರಗೆ ಬಂದಳು.

ಸರ್ಕಾರವೇ ಬೇಡ ಎಂದ ಮೇಲೆ ಇನ್ನೇನು. ಬಿಟ್ಟುಬಿಡು ಆ ಮಾತು.

ನಿನ್ನ ಅತ್ತೆ


ಸಿದ್ದಾಪುರ
೨೪ ನವೆಂಬರ್ ೨೦೨೫

ಅತ್ತೆಯವರಿಗೆ,

ನಗು ಬರಲಿಲ್ಲ.

ನಾನು ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ಮಾವನವರು ಕಾರ್ಡ್ ಮಾಡಿಸಿಕೊಂಡು ಬಂದು, "ನೋಡ್ರಿ, ಒಂದ ದಿನದಾಗ ನಿಮ್ಮತ್ತೀನ್ನ ಮುದುಕಿ ಮಾಡೀನಿ," ಎಂದಾಗ ರೊಟ್ಟಿ ಬಡಿಯುತ್ತಿದ್ದ ನಾನೂ ನಕ್ಕಿದ್ದೆ, ಗವಿಸಿದ್ದೇಶನೂ ನಕ್ಕಿದ್ದ. ಆ ಪರದೆ ನೀಲಿ ಬಣ್ಣದ್ದೆಂದು, ಪಕ್ಕೀರಪ್ಪ ಬಾಗಿಲಲ್ಲಿ ನಿಂತಿದ್ದನೆಂದು ಯಾರೋ ಹೇಳಿದ್ದನ್ನು ಕೇಳಿ ಹೀಗೆ ಬರೆಯಲಾಗುವುದಿಲ್ಲ. ಆ ಹೆಣ್ಣುಮಗಳು ನೀವು.

ಏಪ್ರಿಲ್‌ನಲ್ಲೇ ನನಗೆ ಅನುಮಾನ ಬಂದಿತ್ತು. ಬೇರೆಯವರೆಂದು ನಂಬಿದರೆ ನನಗೆ ಸಲೀಸಾಗುತ್ತಿತ್ತು, ನಂಬಿದೆ. ನಂಬಿದರೆ ಆ ಹೊಸ್ತಿಲ ಹತ್ತಿರ ಬರುವ ಪ್ರಮೇಯವೇ ಇರಲಿಲ್ಲ. ಹಳ್ಳಿ ಹಳ್ಳಿ ತಿರುಗಿ ಪರರ ಮನೆಯ ಹೆಂಗಸರನ್ನು ಒಪ್ಪಿಸಿ ಕರೆತರುವವಳು ನಾನು.

ಬರುವ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮನೆಗೆ ಬರುವುದಿಲ್ಲ. ನಿಲ್ದಾಣದಲ್ಲಿ ಕಾಸೀಮಬೀ ಜೊತೆ ನಿಂತಿರಿ. ನೀವು ಬರದಿದ್ದರೆ ಮಾತ್ರ ಮನೆಗೇ ಬರುತ್ತೇನೆ, ಯಾರು ಏನಾದರೂ ಅನ್ನಲಿ.

ಮಲ್ಲೇಶ್ವರಿ


ಯಲಬುರ್ಗಾ
೨ ಫೆಬ್ರುವರಿ ೨೦೨೬

ಮಲ್ಲಿ,

ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯಿಂದ ಬಂದು ವಾರವಾಯಿತು. ರೋಗ ಸುಡಲು ಮಷೀನಿನಿಂದ ಕರೆಂಟ್ ಕೊಟ್ಟ ಜಾಗ ಕಪ್ಪಗಾಗಿ ಉರಿಯುತ್ತದೆ, ತೆಂಗಿನೆಣ್ಣೆ ಹಚ್ಚುತ್ತಿದ್ದೇನೆ. ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತಿದೆ. ಇದು ಸುಳ್ಳಲ್ಲ, ಇನ್ನು ನಿನಗೆ ಸುಳ್ಳು ಬರೆಯುವುದಿಲ್ಲ.

ಕೊಪ್ಪಳದಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ ನಿನಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಾಗ ನೀನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆಗಲೇ ನನಗೆ ತಿಳಿಯಿತು. ಬೇರೆ ಕಡೆಗೂ ಹಬ್ಬಿದೆ, ಕತ್ತರಿಸಿ ತೆಗೆಯಲು ಬರುವುದಿಲ್ಲ ಎಂದಿರಬೇಕು. ನೀನು ಒಂದು ಕೈಯಲ್ಲಿ ನನ್ನ ಸೀರೆ ಸರಿ ಮಾಡುತ್ತ ಇನ್ನೊಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಯಾರ ಮುಂದೆಯೂ ಬಿಚ್ಚಿ ಮಲಗಬಾರದೆಂದು ಅಷ್ಟು ತಿಂಗಳು ಸುಮ್ಮನಿದ್ದವಳು ಡಾಕ್ಟರಮ್ಮನ ಮುಂದೆ, ನಿನ್ನ ಮುಂದೆಯೇ ಮಲಗಿದ್ದೆ. ಏನೂ ಆಗಲಿಲ್ಲ, ಮಲ್ಲಿ. ನಾಚಿಕೆ ಅನ್ನುವುದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹೀಗೆಂದು ಮೊದಲೇ ಗೊತ್ತಿದ್ದರೆ ಏಪ್ರಿಲ್‌ನಲ್ಲೇ ಬರುತ್ತಿದ್ದೆ.

ನನ್ನ ರೋಗ ತಿಳಿದ ಮೇಲೆ ಜೊತೆಗೆ ಬಂದ ನಿನ್ನ ಮಾವ ಹುಬ್ಬಳ್ಳಿಯಲ್ಲಿ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದರು. ನೀನು ಚಹಾ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದೆ. ಮಾತಾಡಲಿಲ್ಲ, ಆದರೆ ಕುಡಿಯುತ್ತಿದ್ದರು. ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ.

ಹೆಣ್ಣು ಹುಡುಗಿಯರಿಗೆ ಈ ರೋಗ ಬಾರದ ಹಾಗೆ ಸೂಜಿ ಇದೆ ಎಂದೆಯಲ್ಲ, ಅನುಷಾಗೆ ಹಾಕಿಸು. ಸಾಧ್ಯವಾದರೆ ದ್ರಾಕ್ಷಾಯಿಣಿಯ ತಂಗಿಯರಿಗೂ ಹೇಳು. ಆ ಹುಡುಗಿ ನನ್ನನ್ನು ನೋಡಲು ಬಂದು ಕಾಲು ಹಿಡಿದುಕೊಂಡು ಅತ್ತಳು. ಪಾಪ, ಅವಳದೇನು ತಪ್ಪು, ಕೇಳಿದ್ದಳಲ್ಲ.

ಅತ್ತೆ


ಸಿದ್ದಾಪುರ
೧೬ ಫೆಬ್ರುವರಿ ೨೦೨೬

ಅತ್ತೆಯವರಿಗೆ,

ಅನುಷಾಗೆ ಸೂಜಿ ಹಾಕಿಸಿದೆ. ನೋವಾಯಿತೆಂದು ಮೂರು ಮಂಡಕ್ಕಿ ಪೊಟ್ಟಣ ವಸೂಲಿ ಮಾಡಿದಳು.

ಮೊನ್ನೆ ನಮ್ಮ ಶಿಬಿರಕ್ಕೆ ಒಬ್ಬ ಅಜ್ಜಿ ಬಂದಿದ್ದಳು. ಕಾರ್ಡಿನಲ್ಲಿ ಎಪ್ಪತ್ತೊಂದು. ಹುಡುಗಿಯರು ಕಳಿಸಿಬಿಟ್ಟಿದ್ದರು. ನಾನು ಓಡಿ ಹೋಗಿ ಗೇಟಿನ ಹತ್ತಿರ ಹಿಡಿದು, ಮರೆಗೆ ಕರೆದು, ರಕ್ತ ಕಾಣಿಸುತ್ತದೆಯೇ ಎಂದು ಕಿವಿಯಲ್ಲಿ ಕೇಳಿದೆ. "ಇಲ್ಲವ್ವ, ನನಗೇನಾಗೇತಿ? ಮೊಮ್ಮಗಳ ಜೋಡಿ ಬಂದೀನಿ," ಎಂದು ನಕ್ಕು ಹೋದಳು. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಈಗ ಯಾರನ್ನೂ ಹಾಗೇ ಕಳಿಸುವುದಿಲ್ಲ, ಎಲ್ಲರನ್ನೂ ಮರೆಯಲ್ಲಿ ಕೇಳುತ್ತೇನೆ. ಆದರೆ ನಿಮ್ಮನ್ನು ಮರೆಗೆ ಕರೆದು ಯಾರೂ ಕೇಳಲಿಲ್ಲ ಎಂಬುದು ಅದರಿಂದ ಹೋಗುವುದಿಲ್ಲ.

ಯುಗಾದಿಗೆ ಅನುಷಾಳನ್ನು ಕರೆದುಕೊಂಡು ಬರಲೇ? ಶಾಂತಕುಮಾರರೂ ಹೋಗು ಎನ್ನುತ್ತಿದ್ದಾರೆ. ನಾನು ಅಂಗಳದಲ್ಲೇ ಕೂಡುತ್ತೇನೆ, ನೀವು ಬಾಗಿಲಿಗೆ ಬಂದರೆ ಸಾಕು. ಮಾವನವರನ್ನು ಕೇಳಿ ತಿಳಿಸಿ. ಅವರಿಗೆ ಹೇಳದೆ ಬಂದು, ನನ್ನಿಂದ ನಿಮ್ಮ ಮನೆಯಲ್ಲಿ ಜಗಳವಾಗುವುದು ಈಗ ಬೇಡ.

ಮಲ್ಲಿ


ಯಲಬುರ್ಗಾ
೯ ಮಾರ್ಚ್ ೨೦೨೬

ಮಲ್ಲಿ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಕೂಡಿಸಿಕೊಂಡು ಓದು.

ನಿನ್ನ ಮಾವನನ್ನು ಕೇಳಿದೆ. "ಮಲ್ಲಿ ಬರ್ತಾಳಂತ, ಏನ್ ಹೇಳ್ಲಿ?" ಎಂದೆ. ಎದ್ದು ಹೊಲಕ್ಕೆ ಹೋದರು. ಇಲ್ಲ ಎನ್ನಲಿಲ್ಲ ನೋಡು. ನಾಲ್ಕು ವರ್ಷದಲ್ಲಿ ಮೊದಲ ಸಲ ನಿನ್ನ ಹೆಸರಿಗೆ ಸಿಟ್ಟು ಬರಲಿಲ್ಲ. ಹೂಂ ಎನ್ನುತ್ತಾರೆ, ಒಂದೆರಡು ದಿನ ತಡೆ. ಅಂದ ತಕ್ಷಣ ಕಾಸೀಮಬೀ ಕಡೆಯಿಂದ ಹೇಳಿ ಕಳಿಸುತ್ತೇನೆ. ನಿನ್ನನ್ನು ನೋಡಬೇಕು ಅನ್ನಿಸುತ್ತದೆ. ಬೇಗ ನೋಡಬೇಕು ಅನ್ನಿಸುತ್ತದೆ.

ಅತ್ತೆ


ಯಲಬುರ್ಗಾ
೨೬ ಮಾರ್ಚ್ ೨೦೨೬

ಮಲ್ಲೇಶ್ವರಿಗೆ ಅಂದಪ್ಪ ಬರೆಯುವುದು.

ನಿನ್ನ ಅತ್ತೆ ಯುಗಾದಿಯ ಮರುದಿನ ಬೆಳಿಗ್ಗೆ ತೀರಿಕೊಂಡಳು. ಹೊಲದಲ್ಲಿ ಗವಿಸಿದ್ದೇಶನ ಪಕ್ಕದಲ್ಲಿ ಮಣ್ಣು ಮಾಡಿದ್ದೇವೆ. ಈ ಸುದ್ದಿ ನಿನಗೆ ಹೀಗೆ ಕಾಗದದಲ್ಲಿ ಮುಟ್ಟುತ್ತಿರುವುದು ನನ್ನಿಂದ. ಕಾಸೀಮಬೀ ರಂಜಾನ್ ಹಬ್ಬಕ್ಕೆ ಕುಷ್ಟಗಿಯ ಮಗಳ ಮನೆಗೆ ಹೋಗಿದ್ದಳು. ಅವಳು ಇದ್ದಿದ್ದರೆ ನಿನಗೆ ಅಂದೇ ತಿಳಿಯುತ್ತಿತ್ತು. ನಿನ್ನ ವಿಳಾಸ ಈಗ ಅವಳು ಬಂದ ಮೇಲೆ ಕೊಟ್ಟಳು.

ಹಬ್ಬದ ದಿನ ಬೇವು ಬೆಲ್ಲ ನಾಲಿಗೆಗೆ ಹಚ್ಚಿದೆ. ಬೆಲ್ಲ ಅಷ್ಟೇ ಚೀಪಿದಳು. "ಮಲ್ಲಿಗೆ ಏನ್ ಹೇಳಿದ್ರಿ?" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದೆ.

ಕುಣಿ ತೋಡಿ ಆಗಿತ್ತು. ಹಿರಿಯರು ಕೇಳಿದರು: "ಅಂದಪ್ಪಾ, ಸೊಸಿಗೆ ಸುದ್ದಿ ಮುಟ್ಟಿಸಿಯೇನು?"

"ಮುಟ್ಟಿಸೀನಿ," ಎಂದೆ.

ಮುಟ್ಟಿಸಿರಲಿಲ್ಲ. ಬೆಳಗಿನಿಂದ ಫೋನು ಕೈಯಲ್ಲೇ ಹಿಡಿದಿದ್ದೆ. ನಾಲ್ಕು ವರ್ಷದ ಮೇಲೆ ನಿನ್ನೊಡನೆ ಆಡುವ ಮೊದಲ ಮಾತು ಇದೇ ಆಗಬೇಕೇ ಎಂದು ಬೆರಳು ಒತ್ತಲಿಲ್ಲ.

"ಹಂಗಾರ ಬರ್ಲಿ, ಕಾಯೋಣು. ಆಕೀನ ಮಾಡ್ಯಾಳ ಎಲ್ಲಾ, ಆಕಿ ಮಣ್ಣು ಹಾಕಬೇಕು," ಎಂದು ಜನ ಬಿಸಿಲಿನಲ್ಲಿ ಕೂತರು. ನಿನ್ನ ಕಡೆಯಿಂದ ಬರುವ ಗಂಗಾವತಿ ಬಸ್ಸು ಮಧ್ಯಾಹ್ನ ಬಂತು. ಒಬ್ಬರು ನಿಲ್ದಾಣಕ್ಕೆ ಹೋಗಿ ನೋಡಿ ಬಂದರು. ಮುಂದಿನ ಬಸ್ಸಿಗೂ ಕಾದರು. ನಾನು ಬಾಯಿ ಬಿಡಲಿಲ್ಲ. ಕಡೆಗೆ ಒಬ್ಬಾಕೆ, "ಎಷ್ಟ ಕಲ್ಲು ಮನಸ್ಸು ಆಕೀದು, ಇವತ್ತರ ಬರಬಾರದಾ?" ಎಂದಳು. ಅದನ್ನೂ ಕೇಳಿಸಿಕೊಂಡು ತಲೆ ಬಗ್ಗಿಸಿ ನಿಂತೆ. ನಿನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಹೊತ್ತು ಮುಳುಗುವ ಮೊದಲು ಮಣ್ಣು ಹಾಕಿದೆವು.

ಮರುದಿನ ಮನೆ ಮನೆಗೆ ಹೋಗಿ ಹೇಳಿ ಬಂದಿದ್ದೇನೆ, ನಾನು ತಿಳಿಸಿರಲಿಲ್ಲ ಎಂದು. ಹೇಳಿದರೇನು, ಆ ದಿನ ತಿರುಗಿ ಬರುವುದಿಲ್ಲ.

ಯಾವ ಮುಖ ಇಟ್ಟುಕೊಂಡು ಬಾ ಎನ್ನಲಿ? ಆದರೂ ಬಾ. ಅನುಷಾಳನ್ನು ಕರೆದುಕೊಂಡು ಬಾ. ನಿನ್ನ ಮನೆಯವರನ್ನೂ ಕರೆದುಕೊಂಡು ಬಾ. ಕಾಗದ ಮುಟ್ಟಲು ಮೂರು ನಾಲ್ಕು ದಿನ ಬೇಕು ಎಂದು ಅಂಚೆಯವನು ಹೇಳಿದ. ಸುದ್ದಿ ನಿನಗೆ ಇನ್ನೂ ಮುಟ್ಟಿಲ್ಲವೆಂದು ಗೊತ್ತಿದ್ದೂ ದಿನಾ ಗಂಗಾವತಿ ಬಸ್ಸು ಬರುವ ಹೊತ್ತಿಗೆ ನಿಲ್ದಾಣಕ್ಕೆ ಹೋಗಿ ಕೂಡುತ್ತೇನೆ. ಇಳಿಯುವವರನ್ನೆಲ್ಲ ನೋಡುತ್ತೇನೆ. ನಿನ್ನೆಯೂ ಹೋಗಿದ್ದೆ.

ನಿನ್ನ ಮಾವ
ಅಂದಪ್ಪ